ಹಿಮ್ಮೇಳ ಯಾರ ಸೊತ್ತು? ಸ್ವೀಡನ್ನಿನ ಗೇಮ್ ಎಂಜಿನ್‌ಗಳು ಮತ್ತು ದುಡಿಮೆಯ ಪ್ರಶ್ನೆ

(ಉಪನ್ಯಾಸದ ಬರಹರೂಪ)



ಸ್ಟಾಕ್‌ಹೋಮಿನ ಸ್ಟಾರ್‌ಬ್ರೀಝ್ ಎಂಬ ವಿಡಿಯೋ ಗೇಮ್ ಕಂಪನಿ ಎರಡು ವರ್ಷಗಳೊಳಗೆ ಎರಡು ಖರೀದಿಗಳನ್ನು ಮಾಡಿತು. 2015ರಲ್ಲಿ ವಲ್ಹಾಲಾ ಎಂಬ ಗೇಮ್ ಎಂಜಿನ್ ಅನ್ನು ಸುಮಾರು 86 ಲಕ್ಷ ಡಾಲರಿಗೆ ಕೊಂಡಿತು. 2016ರ ಡಿಸೆಂಬರಿನಲ್ಲಿ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆಯ ಶೇಕಡ 90.5ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಮೊದಲನೆಯದು ಒಂದು ಸಾಫ್ಟ್‌ವೇರ್. ಎರಡನೆಯದು ಮುನ್ನೂರಕ್ಕೂ ಹೆಚ್ಚು ಜನ ಕಲಾವಿದರು ಮತ್ತು ತಂತ್ರಜ್ಞರು ದುಡಿಯುತ್ತಿದ್ದ, 1997ರಿಂದ ನಡೆದು ಬಂದಿದ್ದ, ಭಾರತದ ಅತ್ಯಂತ ಹಳೆಯ ಗೇಮ್ ಸ್ಟುಡಿಯೋ. ಮಾರುಕಟ್ಟೆಯ ತಕ್ಕಡಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಸಮತೂಕಕ್ಕೆ ನಿಂತವು.

2018ರ ಡಿಸೆಂಬರಿನಲ್ಲಿ ಅದೇ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಅಷ್ಟರಲ್ಲಿ ವಲ್ಹಾಲಾ ಮೂಲೆಗೆ ಸರಿದಿತ್ತು. 2019ರಲ್ಲಿ ಧ್ರುವವನ್ನು ಸುಮಾರು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಬೆಂಗಳೂರಿನ ಆ ಸ್ಟುಡಿಯೋ ರಾಕ್‌ಸ್ಟಾರ್ ಇಂಡಿಯಾದಲ್ಲಿ ಕರಗಿ ಹೋಯಿತು. ಎಂಜಿನ್ ಕೈಬಿಟ್ಟಿತು, ಸ್ಟುಡಿಯೋ ಕೈ ಬದಲಾಯಿಸಿತು. ಈ ಎರಡೂ ತೀರ್ಮಾನಗಳು ನಡೆದದ್ದು ದುಡಿಯುವವರ ಮೇಜಿನಿಂದ ಬಹು ದೂರದಲ್ಲಿ.

ಇಂದಿನ ಮಾತಿನ ವಿಷಯ ಇಷ್ಟೇ: ಗೇಮ್ ಎಂಜಿನ್ ಎಂದರೇನು, ಅದನ್ನು ಯಾರು ಕಟ್ಟುತ್ತಾರೆ, ಕಟ್ಟಿದ ಮೇಲೆ ಅದು ಯಾರದ್ದಾಗುತ್ತದೆ? ಸ್ವೀಡನ್ ಈ ಪ್ರಶ್ನೆಗೆ ಬಹಳ ಒಳ್ಳೆಯ ಪ್ರಯೋಗಶಾಲೆ. ಜಗತ್ತಿನ ಅತಿ ಹೆಚ್ಚು ಮಾರಾಟವಾದ ಆಟಗಳಲ್ಲಿ ಒಂದಾದ ಮೈನ್‌ಕ್ರಾಫ್ಟ್ ಹುಟ್ಟಿದ್ದು ಇಲ್ಲೇ. ಅದನ್ನು ರೂಪಿಸಿದ ಮೊಜಾಂಗ್ ಸಂಸ್ಥೆಯನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡದ್ದೂ ಇಲ್ಲೇ. ಆದರೆ ಗೆದ್ದವರ ಕತೆಯನ್ನು ಪತ್ರಿಕೆಗಳು ಸಾಕಷ್ಟು ಹೇಳಿವೆ. ಮುಚ್ಚಿಹೋದ ಸ್ಟುಡಿಯೋಗಳ, ಕೈಬಿಟ್ಟ ಎಂಜಿನ್‌ಗಳ ಕತೆಯಿಂದ ಕಲಿಯುವುದು ಹೆಚ್ಚಿದೆ.

ಹಿಮ್ಮೇಳ ಮತ್ತು ಮುಮ್ಮೇಳ

ಎಂಜಿನ್ ಎಂಬುದನ್ನು ಯಕ್ಷಗಾನ ಬಲ್ಲವರಿಗೆ ವಿವರಿಸುವುದು ಸುಲಭ. ರಂಗಸ್ಥಳದಲ್ಲಿ ಕುಣಿಯುವ ವೇಷಗಳದ್ದು ಮುಮ್ಮೇಳ. ಅವರ ಹಿಂದೆ ಭಾಗವತರು, ಮದ್ದಳೆ, ಚೆಂಡೆ ಸೇರಿದ ಹಿಮ್ಮೇಳ. ಇಂದು ಒಂದು ಪ್ರಸಂಗ, ನಾಳೆ ಇನ್ನೊಂದು. ವೇಷಗಳು ಬದಲಾಗುತ್ತವೆ, ಕತೆ ಬದಲಾಗುತ್ತದೆ, ಹಿಮ್ಮೇಳ ಮಾತ್ರ ಅದೇ. ಪ್ರೇಕ್ಷಕನ ಕಣ್ಣು ವೇಷದ ಮೇಲಿರುತ್ತದೆ. ಆದರೆ ವೇಷದ ಪ್ರತಿ ಹೆಜ್ಜೆಯನ್ನೂ ಹಿಡಿದು ನಡೆಸುವುದು ಹಿಮ್ಮೇಳದ ತಾಳ.

ವಿಡಿಯೋ ಗೇಮಿನಲ್ಲಿ ಆ ತಾಳ ಸೆಕೆಂಡಿಗೆ ಅರವತ್ತು ಬಾರಿ ಬೀಳುತ್ತದೆ. ಪ್ರತಿ ಸುತ್ತಿಗೂ ಎಂಜಿನ್‌ಗೆ ಸಿಗುವ ಅವಕಾಶ 16 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಅದು ಆಟಗಾರನ ಬೆರಳು ಏನನ್ನು ಒತ್ತಿತೆಂದು ಓದಬೇಕು, ಬಿದ್ದ ಕಲ್ಲು ಎಲ್ಲಿಗೆ ಉರುಳಿತೆಂದು ಲೆಕ್ಕ ಹಾಕಬೇಕು, ಎದುರಾಳಿಯ ಮುಂದಿನ ನಡೆಯನ್ನು ತೀರ್ಮಾನಿಸಬೇಕು, ದೂರದ ಇನ್ನೊಬ್ಬ ಆಟಗಾರನ ಕಂಪ್ಯೂಟರಿನಿಂದ ಬಂದ ಸುದ್ದಿಯನ್ನು ಹೊಂದಿಸಬೇಕು, ಸದ್ದು ಹೊರಡಿಸಬೇಕು, ಕೊನೆಗೆ ಇಡೀ ದೃಶ್ಯವನ್ನು ಬೆಳಕು ನೆರಳುಗಳೊಡನೆ ಪರದೆಯ ಮೇಲೆ ಚಿತ್ರಿಸಬೇಕು. ಮತ್ತೆ ಮೊದಲಿನಿಂದ. ಇದರಲ್ಲಿ ಒಂದು ಕೆಲಸ ತಡವಾದರೂ ಆಟ ತಡವರಿಸುತ್ತದೆ.

ಇದು ಎಂಜಿನ್ನಿನ ಅರ್ಧ ಮಾತ್ರ. ಇನ್ನರ್ಧ ಆಟಗಾರರಿಗೆ ಎಂದೂ ಕಾಣದ ಸಲಕರಣೆಗಳದ್ದು. ವಿನ್ಯಾಸಕರು ಬೆಟ್ಟ ಕಣಿವೆಗಳನ್ನು ಜೋಡಿಸುವ ಸಂಪಾದಕ ತಂತ್ರಾಂಶ, ಕಲಾವಿದರು ಮಾಡಿದ ಮೂರು ಆಯಾಮದ ಮಾದರಿಗಳನ್ನು ಯಂತ್ರಕ್ಕೆ ಒಗ್ಗುವಂತೆ ಪರಿವರ್ತಿಸುವ ವ್ಯವಸ್ಥೆ, ದೋಷ ಹುಡುಕುವ ಸಾಧನಗಳು ಎಲ್ಲವೂ ಇದರಲ್ಲಿ ಸೇರುತ್ತವೆ. ನೂರಾರು ಜನ ಒಂದೇ ಕಾಲಕ್ಕೆ ಒಂದೇ ಆಟದ ಮೇಲೆ ದುಡಿಯುವಾಗ, ಯಾರು ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಈ ಸಲಕರಣೆಗಳೇ ನಿರ್ಧರಿಸುತ್ತವೆ. ಮರದ ಎತ್ತರವನ್ನು ತುಸು ಬದಲಿಸಿ ಅದರ ಫಲಿತಾಂಶ ನೋಡಲು ಎರಡು ಸೆಕೆಂಡು ಸಾಕೇ, ಇಪ್ಪತ್ತು ನಿಮಿಷ ಬೇಕೇ? ಒಂದು ದಿನದ ದುಡಿಮೆಯ ಗತಿ, ಗುಣ, ದಣಿವು ಎಲ್ಲವೂ ಈ ವ್ಯತ್ಯಾಸದಲ್ಲಿವೆ.

ಆದುದರಿಂದ ಎಂಜಿನ್ ಎಂದರೆ ಸಂಗ್ರಹಗೊಂಡ ಶ್ರಮ. ಹಿಂದಿನ ಆಟಗಳಲ್ಲಿ ಸಾವಿರಾರು ಗಂಟೆ ದುಡಿದು ಬಿಡಿಸಿದ ಕಗ್ಗಂಟುಗಳ ಉತ್ತರಗಳು ಅದರೊಳಗೆ ಕುಳಿತಿವೆ. ಹೊಸ ಆಟ ಕಟ್ಟುವವರು ಶೂನ್ಯದಿಂದ ತೊಡಗುವುದಿಲ್ಲ. ಹಿಂದಿನವರ ಹೆಗಲ ಮೇಲೆ ನಿಂತು ತೊಡಗುತ್ತಾರೆ. ಆ ಹೆಗಲು ಯಾರ ಸೊತ್ತು ಎಂಬುದೇ ಇಲ್ಲಿನ ರಾಜಕೀಯ ಅರ್ಥಶಾಸ್ತ್ರದ ಪ್ರಶ್ನೆ.

ಸಾರ್ವಜನಿಕ ನೆಲದ ಮೇಲೆ ಬೆಳೆದ ಖಾಸಗಿ ಬೆಳೆ

ಸ್ವೀಡನ್ನಿನ ಗೇಮ್ ಉದ್ಯಮವನ್ನು ಕೆಲವು ಪ್ರತಿಭಾವಂತ ಹುಡುಗರ ಸಾಹಸವೆಂದು ಬಣ್ಣಿಸುವುದು ರೂಢಿ. ಪ್ರತಿಭೆ ಇತ್ತು, ಸಂಶಯವಿಲ್ಲ. 1992ರಲ್ಲಿ ಪಿನ್‌ಬಾಲ್ ಡ್ರೀಮ್ಸ್ ಎಂಬ ಆಟ ಬಂದಿತು. ಅದನ್ನು ಮಾಡಿದ ಡಿಜಿಟಲ್ ಇಲ್ಯೂಷನ್ಸ್, ಅಂದರೆ ಮುಂದೆ ಡೈಸ್ ಎಂದು ಹೆಸರಾದ ಸಂಸ್ಥೆಯನ್ನು ಅದರ ಸ್ಥಾಪಕರು ಕಟ್ಟಿದ್ದು ವೆಕ್ಷೋ ಎಂಬ ಸಣ್ಣ ಪಟ್ಟಣದಲ್ಲಿ. ಅಮಿಗಾ ಕಂಪ್ಯೂಟರುಗಳ ಮೇಲೆ ಚಿತ್ರ ಸಂಗೀತಗಳ ಚಮತ್ಕಾರ ತೋರಿಸುವ ‘ಡೆಮೋ’ ಬಳಗವೊಂದರಲ್ಲಿ ಅವರು ಪಳಗಿದ್ದರು. ಆ ಲೋಕದಲ್ಲಿ ಪೈಪೋಟಿ ಇತ್ತು, ಮಾರಾಟವಿರಲಿಲ್ಲ. ಮಾಡಿದ್ದನ್ನು ಡಿಸ್ಕಿಗೆ ತುಂಬಿ ಅಂಚೆಯಲ್ಲಿ ಪರಸ್ಪರ ಹಂಚುತ್ತಿದ್ದರು. ಒಬ್ಬರ ಜಾಣ್ಮೆಯನ್ನು ಇನ್ನೊಬ್ಬರು ಬಿಚ್ಚಿ ನೋಡಿ ಕಲಿಯುತ್ತಿದ್ದರು.

ಆ ಬೆಳೆಗೆ ನೆಲ ಒದಗಿಸಿದ್ದು ಕಲ್ಯಾಣ ರಾಜ್ಯ. 1998ರಲ್ಲಿ ಜಾರಿಗೆ ಬಂದ ಹೆಮ್-ಪಿಸಿ ಸುಧಾರಣೆಯಿಂದ ನೌಕರರು ತಮ್ಮ ಸಂಬಳದಿಂದ ಕಂತು ಕಂತಾಗಿ, ತೆರಿಗೆ ವಿನಾಯಿತಿಯೊಡನೆ, ಮನೆಗೆ ಕಂಪ್ಯೂಟರ್ ತರಲು ಸಾಧ್ಯವಾಯಿತು. ಕಾರ್ಮಿಕ ಸಂಘಗಳ ಒಕ್ಕೂಟವಾದ ಎಲ್‌ಓ ತನ್ನ ಸದಸ್ಯರಿಗೆ ಅಗ್ಗದಲ್ಲಿ ಕಂಪ್ಯೂಟರ್ ಒದಗಿಸಲು ಮುಂದಾಗಿತ್ತು. ಸ್ಟಾಕ್‌ಹೋಮ್ ನಗರಸಭೆ 1994ರಲ್ಲಿ ಸ್ಟೊಕಾಬ್ ಎಂಬ ಸ್ವಂತ ಕಂಪನಿ ಸ್ಥಾಪಿಸಿ, ನಗರದ ನೆಲದಡಿ ಫೈಬರ್ ಜಾಲ ಹಾಸಿತು. ಕಾರ್ಖಾನೆಯ ಕೆಲಸಗಾರನ ಮಗಳಿಗೂ ಮನೆಯಲ್ಲೊಂದು ಕಂಪ್ಯೂಟರ್ ಸಿಕ್ಕಿತು. ಶುಲ್ಕವಿಲ್ಲದ ವಿಶ್ವವಿದ್ಯಾಲಯ ಸಿಕ್ಕಿತು. ಸೋತರೂ ಹಸಿವಿನಿಂದ ಸಾಯುವುದಿಲ್ಲವೆಂಬ ಧೈರ್ಯ ಸಿಕ್ಕಿತು. ಈ ಮೂರನ್ನು ಬಿಟ್ಟು ಗೇಮ್ ಉದ್ಯಮದ ಚರಿತ್ರೆ ಬರೆಯುವುದೆಂದರೆ, ಕೆರೆಯ ಮಾತೆತ್ತದೆ ಗದ್ದೆಯ ಫಸಲನ್ನು ಹೊಗಳಿದಂತೆ.

ಬೆಂಗಳೂರಿನ ಕತೆಯೂ ಬೇರೆಯಲ್ಲ. ಸಾರ್ವಜನಿಕ ವಲಯದ ಕಾರ್ಖಾನೆಗಳು, ಭಾರತೀಯ ವಿಜ್ಞಾನ ಸಂಸ್ಥೆ, ಸರ್ಕಾರಿ ನೆರವಿನ ಎಂಜಿನಿಯರಿಂಗ್ ಕಾಲೇಜುಗಳು ಹದಗೊಳಿಸಿದ ನೆಲದ ಮೇಲೆ ಸಾಫ್ಟ್‌ವೇರ್ ನಗರಿ ಎದ್ದಿತು. ಎರಡೂ ಕಡೆ ಬಿತ್ತನೆ ಸಾರ್ವಜನಿಕ, ಕೊಯ್ಲು ಖಾಸಗಿ.

ಒಂದು ಎಂಜಿನ್ ಸಾಮ್ರಾಜ್ಯವಾದ ಬಗೆ

ಡೈಸ್ ಸಂಸ್ಥೆ 2000ದಲ್ಲಿ ರಿಫ್ರಾಕ್ಷನ್ ಗೇಮ್ಸ್ ಎಂಬ ಸ್ಟಾಕ್‌ಹೋಮಿನ ಸ್ಟುಡಿಯೋವನ್ನು ತನ್ನಲ್ಲಿ ಸೇರಿಸಿಕೊಂಡಿತು. ಅವರ ಎಂಜಿನ್ ಮತ್ತು ಅವರ ಆಲೋಚನೆಗಳ ಮೇಲೆ ಬ್ಯಾಟಲ್‌ಫೀಲ್ಡ್ 1942 ರೂಪುಗೊಂಡು 2002ರಲ್ಲಿ ಬಿಡುಗಡೆಯಾಯಿತು. ಅದರ ಯಶಸ್ಸನ್ನು ಕಂಡ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ 2006ರ ಹೊತ್ತಿಗೆ ಡೈಸ್ ಅನ್ನು ಸಂಪೂರ್ಣವಾಗಿ ಕೊಂಡಿತು. 2008ರಲ್ಲಿ ಡೈಸ್ ತನ್ನ ಹೊಸ ಎಂಜಿನ್ ಫ್ರಾಸ್ಟ್‌ಬೈಟ್ ಅನ್ನು ಹೊರತಂದಿತು. ಗುಂಡು ತಗುಲಿದ ಗೋಡೆ ಕುಸಿಯುವುದು, ಮನೆ ನೆಲಸಮವಾಗುವುದು, ವಿಶಾಲ ರಣರಂಗದ ಮೇಲೆ ಬೆಳಕು ಹರಡುವುದು ಅದರ ಹೆಗ್ಗಳಿಕೆ.

ಮುಂದಿನ ದಶಕದಲ್ಲಿ ಆ ಎಂಜಿನ್ ಒಡೆಯನ ಆಡಳಿತ ನೀತಿಯಾಯಿತು. ಹೊರಗಿನ ಎಂಜಿನ್‌ಗಳಿಗೆ ಹಣ ತೆರುವ ಬದಲು ತನ್ನ ಅನೇಕ ಸ್ಟುಡಿಯೋಗಳು ಫ್ರಾಸ್ಟ್‌ಬೈಟ್ ಬಳಸಲಿ ಎಂಬುದು ಕಂಪನಿಯ ಲೆಕ್ಕ. ಕೆನಡಾದ ಬಯೋವೇರ್ ಪಾತ್ರಗಳ, ಸಂಭಾಷಣೆಗಳ, ದೀರ್ಘ ಕಥನಗಳ ಆಟ ಮಾಡುವ ಸ್ಟುಡಿಯೋ. ರಣರಂಗಕ್ಕೆಂದು ರೂಪಿಸಿದ ಎಂಜಿನ್‌ನಲ್ಲಿ ಪಾತ್ರವೊಂದು ತನ್ನ ಚೀಲದಲ್ಲಿ ಏನೇನು ಇಟ್ಟುಕೊಂಡಿದೆ ಎಂಬುದನ್ನು ನಿರ್ವಹಿಸುವಂಥ ಮೂಲಭೂತ ವ್ಯವಸ್ಥೆಗಳೇ ಸಿದ್ಧವಿರಲಿಲ್ಲ. 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್, 2017ರ ಮಾಸ್ ಎಫೆಕ್ಟ್: ಆಂಡ್ರೊಮಿಡಾ, 2019ರ ಆಂಥಮ್ ಆಟಗಳಲ್ಲಿ ಅವರು ಈ ಕೊರತೆಯೊಡನೆ ಸೆಣಸಿದ್ದನ್ನು ಅಲ್ಲಿ ದುಡಿದವರೇ ಬಹಿರಂಗವಾಗಿ ಹೇಳಿದ್ದಾರೆ. ವೀರರಸದ ಚೆಂಡೆಯನ್ನಷ್ಟೇ ಕೊಟ್ಟು ಶೋಕದ ಪದ ಹಾಡಿಸಿದ ಹಾಗೆ ಇದು. ತಂತ್ರಜ್ಞಾನ ಕೆಟ್ಟದ್ದಾಗಿರಲಿಲ್ಲ. ಯಾವ ಕೆಲಸಕ್ಕೆ ಯಾವ ಸಲಕರಣೆ ತಕ್ಕದ್ದು ಎಂದು ತೀರ್ಮಾನಿಸುವ ಅಧಿಕಾರ ಸಲಕರಣೆ ಹಿಡಿದ ಕೈಗಳಲ್ಲಿ ಇರಲಿಲ್ಲ. ಅದರ ಬೆಲೆಯನ್ನು ಮಾತ್ರ ಆ ಕೈಗಳು ಹೆಚ್ಚುವರಿ ಗಂಟೆಗಳ ರೂಪದಲ್ಲಿ ತೆತ್ತವು.

ಗ್ರಿನ್ ಮುಚ್ಚಿದ ಮೇಲೆ

ಈಗ ಎರಡನೆಯ ಕತೆ. ಸ್ಟಾಕ್‌ಹೋಮಿನ ಗ್ರಿನ್ ಸ್ಟುಡಿಯೋವನ್ನು ಉಲ್ಫ್ ಮತ್ತು ಬೂ ಆಂಡರ್ಶೋನ್ ಸಹೋದರರು ಕಟ್ಟಿದ್ದರು. ಅವರಿಗೆ ಡೀಸೆಲ್ ಎಂಬ ಸ್ವಂತ ಎಂಜಿನ್ ಇತ್ತು. 2009ರಲ್ಲಿ ಗ್ರಿನ್ ಮೂರು ದೊಡ್ಡ ಆಟಗಳನ್ನು ಹೊರತಂದಿತು. ಅವು ನಿರೀಕ್ಷೆಯಂತೆ ಗೆಲ್ಲಲಿಲ್ಲ. ದೊಡ್ಡ ಪ್ರಕಾಶಕರೊಬ್ಬರೊಡನೆ ನಡೆಯುತ್ತಿದ್ದ ಮುಂದಿನ ಯೋಜನೆಯೂ ನಿಂತಿತು. ಆ ವರ್ಷದ ಆಗಸ್ಟ್‌ನಲ್ಲಿ ಸ್ಟುಡಿಯೋ ಬಾಗಿಲು ಮುಚ್ಚಿತು.

ಇಲ್ಲಿ ಗೇಮ್ ಸ್ಟುಡಿಯೋ ನಡೆಯುವ ರೀತಿಯನ್ನು ತುಸು ಬಿಡಿಸಿ ಹೇಳಬೇಕು. ಸ್ಟುಡಿಯೋ ಆಟ ಮಾಡುತ್ತದೆ. ಹಣ ಹೂಡುವವನು ಪ್ರಕಾಶಕ. ಹಣ ಒಮ್ಮೆಲೇ ಬರುವುದಿಲ್ಲ. ಇಂತಿಷ್ಟು ತಿಂಗಳಿಗೆ ಇಂತಿಷ್ಟು ಭಾಗ ಆಡಲು ಸಿದ್ಧವಾಗಿರಬೇಕೆಂಬ ಮೈಲಿಗಲ್ಲುಗಳಿರುತ್ತವೆ. ಪ್ರಕಾಶಕ ಒಪ್ಪಿದರೆ ಕಂತು ಬಿಡುಗಡೆಯಾಗುತ್ತದೆ. ಒಂದು ಕಂತು ತಪ್ಪಿದರೆ ಮುಂದಿನ ತಿಂಗಳ ಸಂಬಳ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಏಳುತ್ತದೆ. ಸ್ವಂತ ಬಂಡವಾಳವಿಲ್ಲದ ಸ್ಟುಡಿಯೋ ಪರರ ಹೊಲದಲ್ಲಿ ಉಳುವ ಗೇಣಿದಾರನಂತೆ. ಒಂದೇ ವ್ಯತ್ಯಾಸವೆಂದರೆ, ಗೇಣಿದಾರನಿಗೆ ಕರ್ನಾಟಕದಲ್ಲಿ 1974ರಲ್ಲಾದರೂ ಭೂಸುಧಾರಣೆಯ ಬಲ ಸಿಕ್ಕಿತು.

ಗ್ರಿನ್ ಸತ್ತಿತು, ಗ್ರಿನ್‌ನಲ್ಲಿ ಕಲಿತವರು ಸಾಯಲಿಲ್ಲ. ಆಂಡರ್ಶೋನ್ ಸಹೋದರರು ಓವರ್‌ಕಿಲ್ ಕಟ್ಟಿದರು. ಅದೇ ಹಳೆಯ ಡೀಸೆಲ್ ಎಂಜಿನ್ ಮೇಲೆ 2013ರಲ್ಲಿ ಪೇಡೇ 2 ಬಂದು ಹತ್ತು ವರ್ಷ ಕಾಲ ಕೋಟ್ಯಂತರ ಜನರನ್ನು ಆಡಿಸಿತು. ಅಲ್ಲಿ ಎಂಜಿನ್ ಕೆಲಸ ಮಾಡಿದ್ದ ನಿಕ್ಲಾಸ್ ಫ್ರಿಕ್‌ಹೋಲ್ಮ್ ಮತ್ತು ತೊಬಿಯಾಸ್ ಪೆರ್ಶೋನ್ ಬಿಟ್‌ಸ್ಕ್ವಿಡ್ ಎಂಬ ಹೊಸ ಎಂಜಿನ್ ರೂಪಿಸಿದರು. ಅದು ಹಗುರವಾಗಿತ್ತು. ಆಟ ಓಡುತ್ತಿರುವಾಗಲೇ ಅದರ ಭಾಗಗಳನ್ನು ತಿದ್ದಿ ಫಲಿತಾಂಶ ನೋಡುವ ಅನುಕೂಲ ಅದರಲ್ಲಿತ್ತು. ತಾವು ಮಾಡುತ್ತಿದ್ದುದನ್ನೆಲ್ಲ ಅವರು ಅಂತರಜಾಲದಲ್ಲಿ ಬರೆದು ಹಂಚುತ್ತಿದ್ದರು. ಸ್ಟಾಕ್‌ಹೋಮಿನ ಫ್ಯಾಟ್‌ಶಾರ್ಕ್, ಆರೋಹೆಡ್ ಮೊದಲಾದ ಸ್ಟುಡಿಯೋಗಳು ಅದರ ಮೇಲೆ ಆಟ ಕಟ್ಟಿದವು.

2014ರಲ್ಲಿ ಅಮೆರಿಕದ ಆಟೋಡೆಸ್ಕ್ ಬಿಟ್‌ಸ್ಕ್ವಿಡ್ ಅನ್ನು ಕೊಂಡಿತು. ಮರುವರ್ಷ ಅದಕ್ಕೆ ಸ್ಟಿಂಗ್‌ರೇ ಎಂದು ಹೊಸ ಹೆಸರಿಟ್ಟು ಮಾರಾಟಕ್ಕಿಟ್ಟಿತು. ಲೆಕ್ಕ ಕೂಡಿಬರಲಿಲ್ಲ, 2018ರ ಜನವರಿಯಲ್ಲಿ ಮಾರಾಟ ನಿಲ್ಲಿಸಿತು. ಎಂಜಿನ್ ಸತ್ತಿತೆಂದು ಉದ್ಯಮ ತಿಳಿಯಿತು. ಆದರೆ ಆರೋಹೆಡ್ ಸಂಸ್ಥೆ ಅಷ್ಟರೊಳಗೆ ಅದರ ಮೇಲೆ ಹೊಸ ಆಟವೊಂದನ್ನು ತೊಡಗಿತ್ತು. ಮಾರಾಟಗಾರನ ನೆರವಿಲ್ಲದೆ ಅಲ್ಲಿನ ಎಂಜಿನಿಯರುಗಳು ಆ ಅನಾಥ ಎಂಜಿನ್ ಅನ್ನು ತಾವೇ ಸಾಕಿದರು, ತಿದ್ದಿದರು, ಹೊಸ ಯಂತ್ರಗಳಿಗೆ ಒಗ್ಗಿಸಿದರು. 2024ರ ಫೆಬ್ರವರಿಯಲ್ಲಿ ಹೆಲ್‌ಡೈವರ್ಸ್ 2 ಬಿಡುಗಡೆಯಾಯಿತು. ಮೊದಲ ಹನ್ನೆರಡು ವಾರಗಳಲ್ಲಿ 1.2 ಕೋಟಿ ಪ್ರತಿಗಳು ಮಾರಾಟವಾದವೆಂದು ಸೋನಿ ಪ್ರಕಟಿಸಿತು.

ಮಾರುಕಟ್ಟೆ ಕೈಬಿಟ್ಟ ಸಲಕರಣೆ ಬದುಕಿದ್ದು ಹೇಗೆ? ಅದರ ಜ್ಞಾನ ಕೋಡಿನ ಸಾಲುಗಳಲ್ಲಿ ಅರ್ಧ ಇತ್ತು. ಉಳಿದರ್ಧ ದುಡಿಯುವವರ ತಲೆಯಲ್ಲಿ, ಅವರ ಪರಸ್ಪರ ಮಾತುಕತೆಯಲ್ಲಿ ಇತ್ತು. ಮೇಳ ಮುಚ್ಚಿದರೂ ತಿಟ್ಟು ಅಳಿಯುವುದಿಲ್ಲ; ಕಲಾವಿದ ಅದನ್ನು ಮೈಯಲ್ಲಿ ಹೊತ್ತು ಇನ್ನೊಂದು ಮೇಳಕ್ಕೆ ನಡೆಯುತ್ತಾನೆ. ಗ್ರಿನ್‌ನ ತಿಟ್ಟು ಸ್ಟಾಕ್‌ಹೋಮಿನ ಹಲವು ಸ್ಟುಡಿಯೋಗಳಲ್ಲಿ ಇಂದಿಗೂ ಉಸಿರಾಡುತ್ತಿದೆ.

ಆದರೆ ಇದನ್ನು ಸುಖಾಂತವೆಂದು ಮುಗಿಸಲಾಗದು. ಫ್ರಿಕ್‌ಹೋಲ್ಮ್ ಮತ್ತು ಪೆರ್ಶೋನ್ ಆ ಮೇಲೆ ಅವರ್ ಮೆಷಿನರಿ ಎಂಬ ಸಂಸ್ಥೆ ಕಟ್ಟಿ ಮತ್ತೊಂದು ಎಂಜಿನ್ ರೂಪಿಸಿದ್ದರು. 2022ರಲ್ಲಿ ಆ ಸಂಸ್ಥೆ ತನ್ನ ಬಳಕೆದಾರರಿಗೆ ಇದ್ದಕ್ಕಿದ್ದಂತೆ ಸೂಚನೆ ಕಳಿಸಿತು: ಎಂಜಿನ್ ಬಳಕೆ ನಿಲ್ಲಿಸಬೇಕು, ತಮ್ಮಲ್ಲಿರುವ ಪ್ರತಿಗಳನ್ನು ಅಳಿಸಿಹಾಕಬೇಕು. ಪರವಾನಗಿ ಪತ್ರದಲ್ಲಿ ಅದಕ್ಕೆ ಅವಕಾಶವಿತ್ತು. ಕಾರಣವನ್ನು ಸಾರ್ವಜನಿಕವಾಗಿ ವಿವರಿಸಲಿಲ್ಲ. ಅದರ ಮೇಲೆ ತಮ್ಮ ಆಟ ಕಟ್ಟುತ್ತಿದ್ದವರ ಕಾಲಡಿಯ ನೆಲವೇ ಸರಿಯಿತು.

ಇದು ಒಬ್ಬಿಬ್ಬರ ಗುಣದೋಷದ ಮಾತಲ್ಲ, ಒಡೆತನದ ರಚನೆಯ ಮಾತು. ಡೆನ್ಮಾರ್ಕಿನಲ್ಲಿ ಹುಟ್ಟಿದ ಯೂನಿಟಿ ಎಂಜಿನ್ನಿನ ಒಡೆಯರು 2023ರ ಸೆಪ್ಟೆಂಬರಿನಲ್ಲಿ ಆಟ ಒಂದೊಂದು ಬಾರಿ ಸ್ಥಾಪನೆಗೊಂಡಾಗಲೂ ಶುಲ್ಕ ವಿಧಿಸುವುದಾಗಿ ಹೇಳಿದರು. ಜಗತ್ತಿನಾದ್ಯಂತ ಎದ್ದ ಪ್ರತಿಭಟನೆಯ ಬಳಿಕ, ಒಂದು ವರ್ಷಕ್ಕೆ ಅದನ್ನು ಹಿಂತೆಗೆದುಕೊಂಡರು. ಅನ್‌ರಿಯಲ್ ಎಂಜಿನ್ ಬಳಸಿ ಮಾಡಿದ ಆಟದ ಗಳಿಕೆ ಹತ್ತು ಲಕ್ಷ ಡಾಲರ್ ದಾಟಿದರೆ ಶೇಕಡ 5ರ ಗೌರವಧನ ತೆರಬೇಕು. ಗೇಣಿಯ ದರ ಕಡಿಮೆ ಎನಿಸಬಹುದು, ಗೇಣಿ ಗೇಣಿಯೇ.

ಬೆಂಗಳೂರಿನ ತುದಿ

ಈಗ ಸ್ಟಾರ್‌ಬ್ರೀಝ್‌ಗೆ ಮರಳೋಣ. ಓವರ್‌ಕಿಲ್ 2012ರಲ್ಲಿ ಸ್ಟಾರ್‌ಬ್ರೀಝ್ ಸೇರಿತು. ಪೇಡೇ 2 ತಂದ ಹಣದ ಬಲದಲ್ಲಿ ಕಂಪನಿ ಎಲ್ಲ ದಿಕ್ಕಿಗೂ ಹರಡಿತು. ವಲ್ಹಾಲಾ, ಧ್ರುವ ಎರಡೂ ಆ ಹರವಿನ ಭಾಗ. ದಿ ವಾಕಿಂಗ್ ಡೆಡ್ ಹೆಸರಿನ ಮಹತ್ವಾಕಾಂಕ್ಷೆಯ ಆಟವನ್ನು ವಲ್ಹಾಲಾದಲ್ಲಿ ತೊಡಗಿದರು. ಅದು ಕೆಲಸಕ್ಕೆ ಬಾರದಾದಾಗ ನಡುದಾರಿಯಲ್ಲಿ ಅನ್‌ರಿಯಲ್‌ಗೆ ಬದಲಾಯಿಸಿದರು. ಎಂಜಿನ್ ಬದಲಾಯಿಸುವುದೆಂದರೆ ಮನೆಯ ತಾರಸಿ ಹಾಕುವ ಹೊತ್ತಿಗೆ ಅಡಿಪಾಯ ಬದಲಿಸಿದಂತೆ. 2018ರ ನವೆಂಬರಿನಲ್ಲಿ ಆಟ ಬಂದಿತು, ಬಿದ್ದಿತು. ತಿಂಗಳೊಳಗೆ ಕಂಪನಿ ನ್ಯಾಯಾಲಯದಲ್ಲಿತ್ತು.

ಧ್ರುವದಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಆಟಗಳ ಕಲಾ ಕೆಲಸ. ಫೋರ್ಜಾದಂಥ ಹೆಸರಾಂತ ಕಾರು ಪಂದ್ಯದ ಆಟಗಳ ವಾಹನಗಳು ಬೆಂಗಳೂರಿನ ಕೈಗಳಲ್ಲಿ ರೂಪುಗೊಂಡಿವೆ. ಈ ಕೆಲಸದ ಸ್ವರೂಪವನ್ನು ಎಂಜಿನ್ ನಿರ್ಧರಿಸುತ್ತದೆ. ಒಂದು ಕಾರಿಗೆ ಎಷ್ಟು ಸಾವಿರ ತ್ರಿಕೋನಗಳು, ಅದರ ಮೇಲ್ಮೈ ಚಿತ್ರ ಎಷ್ಟು ಅಗಲ ಎತ್ತರ, ದೂರದಿಂದ ಕಾಣುವಾಗ ಬಳಸುವ ಸರಳ ರೂಪಗಳು ಎಷ್ಟು, ಕಡತಕ್ಕೆ ಯಾವ ಹೆಸರು ಎಂಬುದೆಲ್ಲ ಮುಂಚಿತವಾಗಿ ಬರೆದು ಬಂದಿರುತ್ತದೆ. ಕಲಾವಿದೆ ಬೆಂಗಳೂರಿನಲ್ಲಿ ಒಂದು ಚಕ್ರದ ತುಕ್ಕನ್ನು ವಾರಗಟ್ಟಲೆ ಬಿಡಿಸುತ್ತಾಳೆ. ಅದು ಯಾವ ಆಟದ, ಯಾವ ಬೀದಿಯಲ್ಲಿ ಉರುಳುತ್ತದೆಂಬುದು ಅವಳ ತೀರ್ಮಾನಕ್ಕೆ ಒಳಪಟ್ಟಿಲ್ಲ. ಹೊರಗುತ್ತಿಗೆಯ ಕೆಲಸದಲ್ಲಿ ಆಟದ ಕೊನೆಯಲ್ಲಿ ಹರಿಯುವ ಹೆಸರುಗಳ ಪಟ್ಟಿಯಲ್ಲಿ ಕೆಲವೊಮ್ಮೆ ಸ್ಟುಡಿಯೋದ ಹೆಸರು ಮಾತ್ರ ಇರುತ್ತದೆ, ವ್ಯಕ್ತಿಯ ಹೆಸರು ಇರುವುದಿಲ್ಲ.

ಸ್ಟಾಕ್‌ಹೋಮಿನಲ್ಲಿ ತಪ್ಪಿದ ಒಂದು ಲೆಕ್ಕ, ಬೆಂಗಳೂರಿನಲ್ಲಿ ಮುನ್ನೂರು ಜನರ ಒಡೆಯನನ್ನು ಬದಲಿಸಿತು. ಧ್ರುವದ ವಿಷಯದಲ್ಲಿ ಹೊಸ ಒಡೆಯ ಕೆಲಸ ಮುಂದುವರಿಸಿದ. ಎಲ್ಲರಿಗೂ ಆ ಅದೃಷ್ಟವಿಲ್ಲ. ಕಾರ್ಲ್‌ಸ್ಟಾಡ್‌ನಲ್ಲಿ ನೆಲೆಯಿರುವ ಎಂಬ್ರೇಸರ್ ಸಮೂಹ ಸಾಲು ಸಾಲಾಗಿ ಸ್ಟುಡಿಯೋಗಳನ್ನು ಕೊಂಡು ಬೆಳೆದಿತ್ತು. 2023ರಲ್ಲಿ ಅದು ನಂಬಿದ್ದ 200 ಕೋಟಿ ಡಾಲರಿನ ಒಪ್ಪಂದವೊಂದು ಮುರಿದುಬಿತ್ತು. ಆ ಮೇಲೆ ಹಲವು ದೇಶಗಳಲ್ಲಿ ಸ್ಟುಡಿಯೋಗಳು ಮುಚ್ಚಿದವು, ನೂರಾರು ಜನ ಕೆಲಸ ಕಳೆದುಕೊಂಡರು. ಯಕ್ಷಗಾನದ ಕಲಾವಿದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾನೆ; ಆ ದಿನ ಯಾವುದೆಂದು ಅವನಿಗೆ ಗೊತ್ತು. ಗೇಮ್ ಕೆಲಸಗಾರನಿಗೆ ಪತ್ತನಾಜೆ ಯಾವ ಬೆಳಿಗ್ಗೆ ಮಿಂಚಂಚೆಯಲ್ಲಿ ಬಂದಿಳಿಯುತ್ತದೆಂದು ಗೊತ್ತಿಲ್ಲ.

ಒಪ್ಪಂದವೆಂಬ ಸಲಕರಣೆ

ಸ್ವೀಡನ್ನಿನಲ್ಲಿ ಇದಕ್ಕೆ ಉತ್ತರವೊಂದು ಹಿಂದಿನಿಂದಲೂ ಇದೆ. ಇಲ್ಲಿ ಕನಿಷ್ಠ ವೇತನದ ಕಾನೂನು ಇಲ್ಲ. 1938ರ ಸಾಲ್ಟ್‌ಶೋಬಾಡೆನ್ ಒಪ್ಪಂದದ ಬಳಿಕ ಬೆಳೆದ ಪದ್ಧತಿಯಂತೆ ವೇತನ, ರಜೆ, ಪಿಂಚಣಿ, ವಿಮೆಗಳನ್ನು ಕಾರ್ಮಿಕ ಸಂಘಗಳು ಮತ್ತು ಮಾಲೀಕರ ಸಂಘಗಳು ಸಾಮೂಹಿಕ ಒಪ್ಪಂದದ ಮೂಲಕ ತೀರ್ಮಾನಿಸುತ್ತವೆ. ದೇಶದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ನೌಕರರು ಇಂಥ ಒಪ್ಪಂದಗಳ ನೆರಳಿನಲ್ಲಿದ್ದಾರೆ. ಗೇಮ್ ಉದ್ಯಮ ಬಹುಕಾಲ ಈ ನೆರಳಿನಿಂದ ಹೊರಗೆ ನಿಂತಿತ್ತು. ಆಟ ಮಾಡುವುದು ಕೆಲಸವಲ್ಲ, ಪ್ರೀತಿ. ಎಂಜಿನಿಯರ್ ಕಾರ್ಮಿಕನಲ್ಲ, ಸೃಜನಶೀಲ ಎಂಬ ನಂಬಿಕೆ ಮಾಲೀಕರಿಗೂ ಹಿತವಾಗಿತ್ತು, ನೌಕರರಿಗೂ ಹೆಮ್ಮೆಯದಾಗಿತ್ತು.

2020ರಲ್ಲಿ ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್ ಸಂಘಗಳೊಡನೆ ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕಿತು. 2024ರಲ್ಲಿ ಅವಲಾಂಚ್ ಸ್ಟುಡಿಯೋಸ್ ಅದೇ ದಾರಿ ಹಿಡಿಯಿತು. ಎರಡೂ ಸ್ಟಾಕ್‌ಹೋಮಿನ ದೊಡ್ಡ ಸಂಸ್ಥೆಗಳು. ಇದರಿಂದ ಮಾರುಕಟ್ಟೆಯ ಏರಿಳಿತ ನಿಲ್ಲುವುದಿಲ್ಲ. ಒಪ್ಪಂದವಿದ್ದಲ್ಲಿಯೂ ಕೆಲಸಗಳು ಹೋಗುತ್ತವೆ. ಆದರೆ ಹೋಗುವ ರೀತಿ ಬದಲಾಗುತ್ತದೆ. 1976ರ ಸಹನಿರ್ಣಯ ಕಾಯಿದೆಯಂತೆ ದೊಡ್ಡ ಬದಲಾವಣೆಗೆ ಮುನ್ನ ಮಾಲೀಕ ಸಂಘದೊಡನೆ ಮಾತುಕತೆ ನಡೆಸಬೇಕು, ಲೆಕ್ಕಪತ್ರ ತೆರೆದಿಡಬೇಕು. ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಹುಡುಕಲು, ಹೊಸ ವಿದ್ಯೆ ಕಲಿಯಲು ಟಿಆರ್‌ಆರ್‌ನಂಥ ಸಂಸ್ಥೆಗಳ ಬೆಂಬಲ ದೊರೆಯುತ್ತದೆ.

ವಲಸೆ ಬಂದ ಕನ್ನಡಿಗರಿಗೆ ಇಲ್ಲಿ ಇನ್ನೂ ಹತ್ತಿರದ ಕಾರಣವಿದೆ. ಯುರೋಪಿನ ಹೊರಗಿನಿಂದ ಬಂದವರ ಪರವಾನಗಿ ಅವರ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಹುಡುಕಬೇಕು. ಇಲ್ಲದಿದ್ದರೆ ಮಗುವಿನ ಶಾಲೆ, ಬಾಡಿಗೆಯ ಮನೆ, ಕಟ್ಟಿಕೊಂಡ ಬದುಕು ಎಲ್ಲವನ್ನೂ ಪೆಟ್ಟಿಗೆಗೆ ತುಂಬಬೇಕು. ಕಳೆದ ದಶಕದಲ್ಲಿ ಇಲ್ಲಿ ‘ಕೊಂಪೆಟೆನ್ಸ್‌ಉತ್‌ವೀಸ್ನಿಂಗ್’ ಎಂಬ ಪದವೇ ಹುಟ್ಟಿತು. ಪರಿಣತರ ಗಡೀಪಾರು ಎಂದು ಅದರ ಅರ್ಥ. ಮಾಲೀಕ ವಿಮೆಯೊಂದನ್ನು ಮಾಡಿಸಲು ಮರೆತಿದ್ದ. ಪರವಾನಗಿ ನವೀಕರಣದ ಹೊತ್ತಿಗೆ ಅದರ ಶಿಕ್ಷೆ ನೌಕರನಿಗೆ ಬಿತ್ತು. 2017ರ ಕೊನೆಯಲ್ಲಿ ವಲಸೆ ಮೇಲ್ಮನವಿ ನ್ಯಾಯಾಲಯವು ಪ್ರಕರಣವನ್ನು ಒಟ್ಟಾರೆಯಾಗಿ ನೋಡಬೇಕೆಂದು ಹೇಳಿದ ಮೇಲೆ ಪರಿಸ್ಥಿತಿ ತುಸು ಸಡಿಲಗೊಂಡಿತು. ಗಮನಿಸಬೇಕಾದ ಸಂಗತಿ ಇದು: ಸಾಮೂಹಿಕ ಒಪ್ಪಂದವಿರುವ ಕಂಪನಿಗಳಲ್ಲಿ ಆ ವಿಮೆಗಳು ಒಪ್ಪಂದದೊಳಗೇ ಅಡಕವಾಗಿರುತ್ತವೆ. ಸ್ಥಳೀಯನಿಗೆ ಅನುಕೂಲವೆನಿಸುವ ಒಪ್ಪಂದ ವಲಸಿಗನಿಗೆ ಈ ನೆಲದಲ್ಲಿ ಉಳಿಯುವ ಹಕ್ಕಿನ ಕಾವಲಾಗಬಲ್ಲದು.

ಹೀಗಿದ್ದೂ ಅನೇಕ ಭಾರತೀಯ ಎಂಜಿನಿಯರುಗಳು ಸಂಘವೆಂದರೆ ಹಿಂಜರಿಯುತ್ತಾರೆ. ಮ್ಯಾನೇಜರಿಗೆ ಬೇಸರವಾದೀತೆಂಬ ಅಳುಕು. ಸಂಘ ಕಾರ್ಖಾನೆಯವರಿಗೆ, ತಮಗಲ್ಲ ಎಂಬ ಹಳೆಯ ಶ್ರೇಣಿಯ ಭಾವ. ಈ ಎರಡನೆಯದರಲ್ಲಿ ಜಾತಿಯ ವಾಸನೆಯೂ ಇದೆ. ಬರೆಯುವ ಕೈ ದುಡಿಯುವ ಕೈಗಿಂತ ಮೇಲೆಂಬ ನಂಬಿಕೆ ಪಾಸ್‌ಪೋರ್ಟಿನ ಜೊತೆಗೇ ವಿಮಾನ ಹತ್ತಿ ಬಂದಿದೆ. ಸ್ವೀಡನ್ನಿನಲ್ಲಿ ಸುಮಾರು 7 ಲಕ್ಷ ಸದಸ್ಯರಿರುವ ಯೂನಿಯೋನೆನ್ ಕಚೇರಿ ನೌಕರರದೇ ಸಂಘ. ಎಂಜಿನಿಯರುಗಳಿಗೆ ಪ್ರತ್ಯೇಕ ಸಂಘವೂ ಇದೆ. ಇಲ್ಲಿ ಸಂಘದ ಸದಸ್ಯತ್ವ ಬಂಡಾಯವಲ್ಲ, ನಾಗರಿಕ ರೂಢಿ.

ಕರ್ನಾಟಕದಲ್ಲಿ ಚಿತ್ರ ಬೇರೆ. ಮಾಹಿತಿ ತಂತ್ರಜ್ಞಾನ ಕಂಪನಿಗಳಿಗೆ ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯಿದೆಯಿಂದ ವಿನಾಯಿತಿ ಕೊಡುತ್ತಾ ಬಂದಿದ್ದ ರಾಜ್ಯ ಸರ್ಕಾರ, 2024ರಲ್ಲಿ ಅದನ್ನು ಮತ್ತೆ ಐದು ವರ್ಷ ವಿಸ್ತರಿಸಿತು. ಅದೇ ವರ್ಷ ದಿನಕ್ಕೆ 14 ಗಂಟೆಗಳವರೆಗೆ ದುಡಿಸಲು ಎಡೆಮಾಡುವ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ, ಅಂದರೆ ಕಿಟು. ಸ್ಟಾಕ್‌ಹೋಮಿನ ಬಂಡವಾಳ ಬೆಂಗಳೂರಿನ ದುಡಿಮೆಯನ್ನು ಒಂದೇ ಸಹಿಯಿಂದ ಕೊಳ್ಳಬಲ್ಲದು. ಅದೇ ಸಲೀಸಿನಿಂದ ಸ್ಟಾಕ್‌ಹೋಮಿನ ಸಂಘವೂ ಬೆಂಗಳೂರಿನ ಸಂಘವೂ ಕೈಕುಲುಕಲು ಸಾಧ್ಯವಾಗಬೇಕು. ಎರಡೂ ಭಾಷೆ, ಎರಡೂ ಊರು ಬಲ್ಲ ಕನ್ನಡಿಗರಿಗಿಂತ ಈ ಸೇತುವೆಗೆ ತಕ್ಕವರು ಯಾರು?

ಕೊನೆಗೆ ಎರಡು ಮಾತು

ಎಂಜಿನ್‌ಗಳ ಒಡೆತನಕ್ಕೆ ಬೇರೆ ದಾರಿಗಳೂ ಇವೆ. ಅಮೆರಿಕದ ಇಡ್ ಸಾಫ್ಟ್‌ವೇರ್ 1997ರಲ್ಲಿ ಡೂಮ್ ಆಟದ, 1999ರಲ್ಲಿ ಕ್ವೇಕ್ ಆಟದ ಮೂಲ ಕೋಡ್ ಅನ್ನು ಬಹಿರಂಗಗೊಳಿಸಿತು. ಒಂದು ಪೀಳಿಗೆ ಅದರಿಂದ ಕಲಿಯಿತು. ಅರ್ಜೆಂಟೀನಾದಲ್ಲಿ ಹುಟ್ಟಿದ ಗೊಡೊ ಎಂಜಿನ್ 2014ರಿಂದ ಮುಕ್ತ ತಂತ್ರಾಂಶವಾಗಿದೆ. ಅದನ್ನು ಯಾರೂ ಕೊಂಡು ಮುಚ್ಚಲಾರರು, ಅಳಿಸಿಹಾಕಿರೆಂದು ಯಾರೂ ಆಜ್ಞಾಪಿಸಲಾರರು. ಸಾರ್ವಜನಿಕ ಹಣದಿಂದ ನಡೆಯುವ ಸ್ವೀಡನ್ನಿನ ವಿಶ್ವವಿದ್ಯಾಲಯಗಳು, ಕರ್ನಾಟಕದ ಕಾಲೇಜುಗಳು ಇಂಥ ಎಂಜಿನ್‌ಗಳಲ್ಲೇ ಪಾಠ ಹೇಳಿದರೆ, ಸಾರ್ವಜನಿಕ ಬಿತ್ತನೆಯ ಒಂದು ಪಾಲಾದರೂ ಸಾರ್ವಜನಿಕ ಕಣಜಕ್ಕೆ ಮರಳೀತು.

ಆದರೆ ಕೋಡ್ ಮುಕ್ತವಾದ ಮಾತ್ರಕ್ಕೆ ಕೆಲಸಗಾರ ಮುಕ್ತನಾಗುವುದಿಲ್ಲ. ಮುಕ್ತ ಎಂಜಿನ್ ಬಳಸಿಯೂ ಜನರನ್ನು ಹದಿನಾಲ್ಕು ಗಂಟೆ ದುಡಿಸಬಹುದು. ಆದ್ದರಿಂದ ಎರಡೂ ಬೇಕು: ಸಲಕರಣೆಯ ಮೇಲೆ ಹಕ್ಕು, ಸಮಯದ ಮೇಲೆ ಹಕ್ಕು.

ವಲ್ಹಾಲಾವನ್ನು ಇಂದು ನೆನೆಯುವವರು ಕಡಿಮೆ. ಸ್ಟಿಂಗ್‌ರೇಯನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಆದರೂ ಅದರ ತಾಳಕ್ಕೆ ಲಕ್ಷಾಂತರ ಜನ ಆಡುತ್ತಿದ್ದಾರೆ. ಈ ವ್ಯತ್ಯಾಸಕ್ಕೆ ಕಾರಣ ಖರೀದಿಯ ಮೊತ್ತವಲ್ಲ. ಒಂದರ ಸುತ್ತ ಅದನ್ನು ಬಲ್ಲ, ನಂಬಿದ, ಬಿಟ್ಟುಕೊಡದ ದುಡಿಮೆಗಾರರ ಬಳಗವಿತ್ತು. ಇನ್ನೊಂದಕ್ಕೆ ಅದು ಕೂಡಿಬರಲಿಲ್ಲ. ಮೇಳದ ಯಜಮಾನರು ಬದಲಾಗುತ್ತಾರೆ, ಡೇರೆ ಹರಾಜಾಗುತ್ತದೆ. ಹಿಮ್ಮೇಳ ಉಳಿಯುವುದು ಅದನ್ನು ನುಡಿಸುವವರು ಒಟ್ಟಿಗೆ ಕುಳಿತಿರುವವರೆಗೆ. ಒಟ್ಟಿಗೆ ಕುಳಿತುಕೊಳ್ಳುವುದಕ್ಕೆ ಸ್ವೀಡನ್ನಿನಲ್ಲಿ ಒಂದು ಸರಳ ವಿಧಾನವಿದೆ: ಸಂಘದ ಸದಸ್ಯತ್ವದ ಅರ್ಜಿ. ಅದನ್ನು ತುಂಬಲು ಕೆಲವೇ ನಿಮಿಷ ಸಾಕು.